ಬೆಡ್‌ಶೀಟಿನ ಬೆನ್ನು

ನನ್ನ ಗಂಡನ ಪ್ರಕಾರ ಬಟ್ಟೆಗೆ ಎರಡು ಮುಖ ಇರುವುದಿಲ್ಲ. ಒಂದು ಮುಖ, ಇನ್ನೊಂದು ಬೆನ್ನು. ಪಾಣೆಮಂಗಳೂರು ಪೇಟೆಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇದೆ, ಮಾವ ಶುರು ಮಾಡಿದ್ದು. ಗಿರಾಕಿ ಬಾಯಿಬಿಟ್ಟು ಕೇಳದೆ ಬಟ್ಟೆಯ ಬೆನ್ನು ತೋರಿಸಬಾರದು ಎಂಬುದು ಅವರು ಮಗನಿಗೆ ಕಲಿಸಿಹೋದ ಮೊದಲ ಪಾಠ. ಮಡಿಕೆ ಹಿಡಿದು ಒಮ್ಮೆ ಕೊಡವಿದರೆ ಸಾಕು, ಮುಖ ಗಿರಾಕಿಯ ಕಡೆಗೇ ಬಿಚ್ಚಿಕೊಳ್ಳಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಉಲ್ಟಾ ಕೊಡವಿ ಚೆನ್ನಾಗಿ ಬೈಸಿಕೊಂಡೆ. ಆಮೇಲೆ ಕೈ ಪಳಗಿತು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಕೈ, ಅಷ್ಟೂ ಪಳಗದಿದ್ದರೆ ಹೇಗೆ.

ಎಂ.ಎಸ್ಸಿ. ಮುಗಿದ ವರ್ಷವೇ ಮದುವೆ, ಮರುವರ್ಷ ಮಗಳು. ಮಗು ಸ್ವಲ್ಪ ದೊಡ್ಡದಾಗಲಿ, ಆಮೇಲೆ ಕೆಲಸಕ್ಕೆ ಸೇರಿದರಾಯಿತು ಎಂದು ಎಲ್ಲರೂ ಹೇಳಿದರು, ನಾನೂ ನನಗೆ ಹೇಳಿಕೊಂಡೆ. ಮಕ್ಕಳು ದೊಡ್ಡವರಾಗುವ ಕೆಲಸಕ್ಕೆ ಕೊನೆ ಎಂಬುದೇ ಇಲ್ಲ ಎಂದು ಆಗ ಯಾರೂ ಹೇಳಲಿಲ್ಲ. ಅಂಗಡಿಯಲ್ಲಿ ಕೂತು ಹೆಂಗಸರಿಗೆ ಚೂಡಿದಾರದ ಪೀಸು ಬಿಚ್ಚಿ ತೋರಿಸುತ್ತ, ಮಡಚುತ್ತ, ಮತ್ತೆ ಬಿಚ್ಚುತ್ತ ಹತ್ತು ಹನ್ನೆರಡು ವರ್ಷ ಕಳೆಯಿತು. ಆ ಕೆಲಸ ಬೇಸರ ಎಂದಲ್ಲ. ಮಾತಿಗೆ ಮಾತು ಸೇರಿಸಿ ಮೂರು ಪೀಸು ಕೊಳ್ಳಲು ಬಂದವರಿಗೆ ಐದು ಕಟ್ಟಿಕೊಡುವುದರಲ್ಲಿ ಒಂದು ಮಜಾ ಇದೆ. ಆದರೆ ಸಂಜೆ ಕಾಲೇಜು ಮಕ್ಕಳು ಅಂಗಡಿಯ ಮುಂದೆ ಬಸ್ಸಿಗೆ ಓಡುವಾಗ, ಯಾರದೋ ಕೈಯಲ್ಲಿ ಫಿಸಿಕ್ಸ್ ಪುಸ್ತಕ ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೆ ಬೇರೆ ಚಂದದ ಹೆಸರು ಕೊಡುವುದು ಬೇಡ. ಹೊಟ್ಟೆ ಉರಿಯೇ ಅದು.

ಕಳೆದ ವರ್ಷ ಮನಸ್ಸು ಗಟ್ಟಿ ಮಾಡಿ ಅರ್ಜಿ ಹಾಕಲು ಹೊರಟೆ. ಮೊದಲು ಹಾಕಿದ ಕಾಲೇಜಿನವರು ಉತ್ತರವನ್ನೇ ಕೊಡಲಿಲ್ಲ. ಎರಡನೆಯದು ಬೆಳ್ತಂಗಡಿಯ ಕಡೆಯದು. ಖಾಸಗಿ ಪಿಯು ಕಾಲೇಜುಗಳಲ್ಲಿ ಅಂಕಪಟ್ಟಿ ನೋಡಿದರೆ ಸಾಕಾಗುವುದಿಲ್ಲ, ಡೆಮೊ ಕ್ಲಾಸ್ ಅಂತ ಒಂದು ಪರೀಕ್ಷೆ ಉಂಟು. ನಿಜವಾದ ಮಕ್ಕಳ ಮುಂದೆ ನಿಜವಾದ ಪಾಠ ಮಾಡಬೇಕು, ದೊಡ್ಡವರು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ. ನಾನು ಮಸೂರದ ಸೂತ್ರವನ್ನು ಬೋರ್ಡಿನ ಎಡಮೂಲೆಯಿಂದ ಬಲಮೂಲೆಯವರೆಗೆ ಒಂದು ತಪ್ಪಿಲ್ಲದೆ ಬರೆದೆ. ಮುಗಿಸಿ ತಿರುಗಿದಾಗ ಅರ್ಧ ಮಕ್ಕಳು ಕಿಟಕಿಯ ಹೊರಗೆ ನೋಡುತ್ತಿದ್ದರು.

ಅಲ್ಲಿನ ಪ್ರಾಂಶುಪಾಲರು ಒಳ್ಳೆಯ ಮನುಷ್ಯ. ಮೆಲ್ಲಗೆ, "ನಿಮಗೆ ವಿಷಯ ಒಳ್ಳೆ ಗೊತ್ತುಂಟು ಮೇಡಂ. ಆದರೆ ನೀವು ಇಡೀ ಪೀರಿಯಡ್ ಬೋರ್ಡಿಗೆ ಪಾಠ ಮಾಡಿದ್ರಿ. ಮಕ್ಕಳು ನಿಮ್ಮ ಮುಖವನ್ನೇ ನೋಡಲಿಲ್ಲ," ಎಂದರು. ಆಮೇಲೆ ನನ್ನ ಅರ್ಜಿಯನ್ನು ತಿರುವಿ, "ಇಷ್ಟು ವರ್ಷ ಎಂತ ಮಾಡ್ತಿದ್ರಿ?" ಎಂದು ಕೇಳಿದರು. "ಏನಿಲ್ಲ ಸರ್, ಮನೆಯಲ್ಲೇ ಇದ್ದೆ," ಎಂದುಬಿಟ್ಟೆ. ಬಸ್ಸು ಪುಂಜಾಲಕಟ್ಟೆ ದಾಟುವವರೆಗೂ ನನ್ನ ಮೇಲೆ ನನಗೇ ಸಿಟ್ಟು. ಮನೆಯಲ್ಲೇ ಇದ್ದೆನಂತೆ! ಅಂಗಡಿಯಲ್ಲಿ ನಿಂತು ನಿಂತು ನೋಯುವ ಈ ಕಾಲು ಮತ್ತೆ ಯಾರದು?

ಮನೆಯಲ್ಲಿ ವಿಷಯ ಹೇಳಿದ್ದು ದೊಡ್ಡ ತಪ್ಪಾಯಿತು. "ಅಂದ್ರೆ ನೀನು ಗಿರಾಕಿಗೆ ಬೆನ್ನು ತೋರಿಸಿದ್ದು!" ಎಂದು ಗಂಡ ಶುರು ಮಾಡಿದರು. ವಾರವಿಡೀ ಅದೇ. ಚಾ ಕೊಡಲು ಹೋದರೆ, "ಮುಖ ತೋರಿಸಿ ಕೊಡು ಮಾರಾಯ್ತಿ, ಇಲ್ಲದಿದ್ರೆ ಕೆಲಸ ಹೋದೀತು." ಅತ್ತೆ ಅದಕ್ಕೆ ನಗುತ್ತಿದ್ದರು. ಅತ್ತೆಯನ್ನು ನಾನು ಉಮ್ಮ ಎಂದೇ ಕರೆಯುವುದು. ನಮ್ಮ ಮನೆಮಾತು ಬ್ಯಾರಿ. ಉಮ್ಮನ ಮಾತನ್ನು ಇಲ್ಲಿ ಕನ್ನಡಕ್ಕೆ ಇಳಿಸುವಾಗ ಅರ್ಧ ಖಾರ ಹೋಗಿದೆ. ಓದುವವರು ಅಂದಾಜಿನಲ್ಲಿ ಸೇರಿಸಿಕೊಳ್ಳಬೇಕು.

ಈ ವರ್ಷ ಮೂಡುಬಿದಿರೆಯ ಒಂದು ಕಾಲೇಜಿನಿಂದ ಫೋನ್ ಬಂತು. ಫಿಸಿಕ್ಸ್ ಉಪನ್ಯಾಸಕಿಯೊಬ್ಬರು ನಡುವರ್ಷದಲ್ಲಿ ಕೆಲಸ ಬಿಟ್ಟಿದ್ದರು. ಶುಕ್ರವಾರ ಡೆಮೊ ಕ್ಲಾಸ್, ದ್ವಿತೀಯ ಪಿಯು ಮಕ್ಕಳಿಗೆ; ವಿಷಯ ಚಾರ್ಜಾದ ಹಾಳೆಯ ಹತ್ತಿರ ಇಟ್ಟ ಮೇಲ್ಮೈಗಳ ಮೂಲಕ ಹಾಯುವ ವಿದ್ಯುತ್ ಫ್ಲಕ್ಸ್ ಲೆಕ್ಕ ಹಾಕುವುದು. ಕನ್ನಡ ಪುಸ್ತಕದಲ್ಲಿ ಅದಕ್ಕೆ ಅಭಿವಾಹ ಎಂಬ ಭಾರೀ ಹೆಸರಿದೆ, ಆದರೆ ತರಗತಿಯಲ್ಲಿ ಎಲ್ಲರೂ ಹೇಳುವುದು ಫ್ಲಕ್ಸ್ ಎಂದೇ. ಫೋನ್ ಇಟ್ಟು ಗಂಡನಿಗೆ ಹೇಳಿದೆ: "ಇದು ಕೊನೆ. ಇದೂ ಆಗದಿದ್ರೆ ಸರ್ಟಿಫಿಕೇಟು ಎಲ್ಲ ಕಪಾಟಿನ ಮೇಲೆ ಹಾಕಿ ಅಂಗಡಿಯಲ್ಲೇ ಕೂರ್ತೇನೆ. ಮತ್ತೆ ಈ ಸುದ್ದಿ ನಾನೂ ತೆಗೆಯುದಿಲ್ಲ, ನೀವೂ ತೆಗೀಬಾರ್ದು." ಆಡಿದ್ದು ತಮಾಷೆಗಲ್ಲ. ಇನ್ನೊಂದು ಸಲ ಬೇಡ ಎನಿಸಿಕೊಂಡು ಬಸ್ಸು ಹತ್ತುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಗಂಡ, "ಹಾಗಾದ್ರೆ ಮನೆಯಲ್ಲಿ ಪ್ರಾಕ್ಟೀಸು ಮಾಡುವ. ನಮ್ಮ ಮುಖ ನೋಡಿ ಪಾಠ ಮಾಡು, ಬೋರ್ಡೇ ಬೇಡ," ಎಂದರು. ಹಾಳೆಯ ಬದಲಿಗೆ ಅಂಗಡಿಯಿಂದ ಒಂದು ಬೆಡ್‌ಶೀಟು ತಂದರು. ಡಬಲ್ ಕಾಟಿನದು, ದಪ್ಪದ್ದು, ಕಡುನೀಲಿ ನೆಲದ ಮೇಲೆ ಎಲೆಕೋಸಿನಷ್ಟು ದೊಡ್ಡ ಹೂಗಳು. "ಫಿಸಿಕ್ಸಿಗೆ ಇಷ್ಟು ಹೂ ಬೇಕಾ?" ಎಂದರೆ, "ಪ್ಲೇನ್ ಶೀಟು ಓಡುದಿಲ್ಲ ಈಗ," ಎಂದರು. ನಮ್ಮ ಹಜಾರದ ಗೋಡೆಯ ಮೊಳೆಗಳಿಗೆ ಅದನ್ನು ಪ್ರತಿ ಸಂಜೆ ಅವರೇ ಕಟ್ಟಿ, ಪಾಠ ಮುಗಿದ ಮೇಲೆ ಅವರೇ ಮಡಚಿಡುತ್ತಿದ್ದರು. ಅವರು ಮಡಚಿದ್ದನ್ನು ಬೇರೆಯವರು ಬಿಚ್ಚಿದರೆ, ಬಿಚ್ಚಿದ್ದನ್ನು ಬೇರೆಯವರು ಮಡಚಿದರೆ ಅವರಿಗೆ ಆಗುವುದಿಲ್ಲ. ಹೂವಿನ ಮುಖ ನಮ್ಮ ಕಡೆ, ಬೆನ್ನು ಗೋಡೆಗೆ. ಅದು ಹಾಗಲ್ಲದೆ ಬೇರೆ ಹೇಗಾದರೂ ಇರಬಹುದು ಎಂದು ನನಗೂ ಹೊಳೆಯಲಿಲ್ಲ, ಅವರಿಗಂತೂ ಸಾಧ್ಯವೇ ಇಲ್ಲ.

ತರಗತಿಯಲ್ಲಿ ಮೂವರು. ಉಮ್ಮ, ಗಂಡ, ಮತ್ತೆ ಪಕ್ಕದ ಮನೆಯ ಅಕ್ಕ. ಅಕ್ಕನದು ತುಳು ಮನೆ, ಪೇಟೆಯಲ್ಲಿ ಅವರ ಗಂಡನ ಹೋಟೆಲು. ಸಂಜೆ ನಮ್ಮಲ್ಲಿಗೆ ಬರದಿದ್ದರೆ ಅವರಿಗೆ ತಿಂದದ್ದು ಕರಗುವುದಿಲ್ಲ. ನಿಜವಾಗಿ ಓದುವ ವಯಸ್ಸಿನ ಮಗಳು ಹೋಂವರ್ಕ್ ಉಂಟು ಎಂದು ಮೊದಲ ದಿನವೇ ತಪ್ಪಿಸಿಕೊಂಡಳು.

"ಈ ಶೀಟಿನ ತುಂಬ ಒಂದೇ ಸಮ ಚಾರ್ಜು ಉಂಟು ಅಂತ ತಿಳ್ಕೊಳ್ಳಿ," ಎಂದೆ. "ಅದರಿಂದ ನೇರ ಮುಂದಕ್ಕೆ ಬಾಣಗಳು ಹೊರಡ್ತವೆ. ಹತ್ತಿರ ನಿಂತರೂ ಅಷ್ಟೇ ಜೋರು, ಸ್ವಲ್ಪ ದೂರ ನಿಂತರೂ ಅಷ್ಟೇ ಜೋರು. ಶೀಟು ತುಂಬ ದೊಡ್ಡದಾದ್ರೆ ಹಾಗೆ."

"ನನ್ನ ಮಗನ ಅಮ್ಮಾವ್ರ ಸ್ವರದ ಹಾಗೆ," ಎಂದರು ಅಕ್ಕ. ಅವರ ಸೊಸೆಯನ್ನು ಅವರು ಅಮ್ಮಾವ್ರು ಎಂದೇ ಹೇಳುವುದು.

ಬಾಣ ಎಷ್ಟು ಹಾಯುತ್ತದೆ ಎಂದು ತೋರಿಸಲು ಒಂದು ಮೇಲ್ಮೈ ಬೇಕಿತ್ತು. ಅಡುಗೆಮನೆಯಿಂದ ಅಕ್ಕಿಹಿಟ್ಟಿನ ಜರಡಿ ತಂದೆ, ಉಮ್ಮ ಪತ್ತಿರಿಗೆ, ಅಂದರೆ ಅಕ್ಕಿರೊಟ್ಟಿಗೆ, ಹಿಟ್ಟು ಸೋಸುವುದು ಅದರಲ್ಲೇ. ಜರಡಿಯನ್ನು ಶೀಟಿಗೆ ಎದುರುಬದುರಾಗಿ ಹಿಡಿದರೆ ಬಾಣಗಳೆಲ್ಲ ಅದರ ಮೂಲಕ ಹಾಯುತ್ತವೆ. ಬಾಣದ ಜೋರನ್ನು ಜರಡಿಯ ವಿಸ್ತಾರದಿಂದ ಗುಣಿಸಿದರೆ ಫ್ಲಕ್ಸ್. ಜರಡಿಯನ್ನು ಓರೆ ಮಾಡಿದರೆ ಹಾಯುವುದು ಕಡಿಮೆ. ಪೂರ್ತಿ ಅಡ್ಡ ತಿರುಗಿಸಿದರೆ ಬಾಣಗಳು ಅದರ ಪಕ್ಕದಲ್ಲೇ ಸರಿದು ಹೋಗುತ್ತವೆ, ಫ್ಲಕ್ಸ್ ಸೊನ್ನೆ. ಇಲ್ಲಿಯವರೆಗೆ ಎಲ್ಲರೂ ಒಪ್ಪಿದರು. ತಕರಾರು ಬಂದದ್ದು ಕೋನದಲ್ಲಿ. ಓರೆಯ ಕೋನವನ್ನು ಮಕ್ಕಳು ಜರಡಿಯ ಮೈಯಿಂದ ಅಳೆಯುತ್ತಾರೆ, ಹಾಗೆ ಅಳೆಯಬಾರದು. ಜರಡಿಗೆ ನೆಟ್ಟಗೆ ಒಂದು ಕಡ್ಡಿ ಚುಚ್ಚಿ, ಆ ಕಡ್ಡಿಗೂ ಬಾಣಕ್ಕೂ ನಡುವಿನ ಕೋನ ನೋಡಬೇಕು. ಅದು ಕಣ್ಣಿಗೆ ಕಾಣಲಿ ಎಂದು ನಾನು ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು ಜರಡಿಯ ನಡುವಿನ ಕಣ್ಣಿಗೆ ತೂರಿಸಿದೆ.

ಉಮ್ಮ ಎದ್ದು ನಿಂತರು. "ಗುಡಿಸುವ ಕಡ್ಡಿಯನ್ನು ಪತ್ತಿರಿ ಹಿಟ್ಟಿನ ಜರಡಿಗೆ! ಇದನ್ನಾ ನಿನಗೆ ಯೂನಿವರ್ಸಿಟಿಯಲ್ಲಿ ಕಲಿಸಿದ್ದು?"

"ಹೊಸ ಹಿಡಿಸೂಡಿ ಉಮ್ಮ, ಇನ್ನೂ ಗುಡಿಸಿಲ್ಲ."

"ಗುಡಿಸದ ಹಿಡಿಸೂಡಿ ಆದ್ರೂ ಹೆಸರು ಹಿಡಿಸೂಡಿಯೇ ಅಲ್ವಾ. ನಾಳೆಯಿಂದ ಪತ್ತಿರಿ ನೀನೇ ಮಾಡು, ನೀನೇ ತಿನ್ನು." ಆ ದಿನದ ಪಾಠ ಅಲ್ಲಿಗೇ ನಿಂತಿತು. ಮರುದಿನ ಅಕ್ಕ ತಮ್ಮ ಮನೆಯ ಹಳೇ ಜರಡಿಯೊಂದನ್ನು ತಂದುಕೊಟ್ಟು ಸಮಾಧಾನ ಮಾಡಿಸಿದರು.

ಆಮೇಲೆ ಮುಚ್ಚಿದ ಮೇಲ್ಮೈ. ಅದಕ್ಕೆ ಅಂಗಡಿಯ ಸೀರೆಯ ಡಬ್ಬಿ. ಮುಚ್ಚಳ ಹಾಕಿದ ಡಬ್ಬಿಯನ್ನು ಶೀಟಿನಿಂದ ಸ್ವಲ್ಪ ದೂರ ಹಿಡಿದರೆ, ಶೀಟಿನ ಕಡೆಯ ಮುಖದಿಂದ ಎಷ್ಟು ಬಾಣ ಒಳಗೆ ಹೋಗುತ್ತದೋ ಅಷ್ಟೇ ಆಚೆ ಮುಖದಿಂದ ಹೊರಗೆ ಬರುತ್ತದೆ. ಒಟ್ಟು ಫ್ಲಕ್ಸ್ ಸೊನ್ನೆ. ಒಳಗೆ ಚಾರ್ಜು ಇಲ್ಲದ ಡಬ್ಬಿಗೆ ಯಾವಾಗಲೂ ಹಾಗೆಯೇ. ಇದನ್ನು ಉಮ್ಮ ಸುತರಾಂ ಒಪ್ಪಲಿಲ್ಲ. "ಬಂದ ನೆಂಟರು ಅಷ್ಟೂ ಮಂದಿ ವಾಪಸ್ ಹೋದ್ರು ಅಂತ ಸೊನ್ನೆ ಹೇಗೆ ಆಗ್ತದೆ? ಕುಡಿದ ಚಾ ಯಾರ ಲೆಕ್ಕಕ್ಕೆ?" ಎಂದರು. ನಾನು ಡಬ್ಬಿ ಚಾ ಕೊಡುವುದಿಲ್ಲ ಎಂದೆ. "ಹಾಗಾದ್ರೆ ಆ ಮನೆಗೆ ಯಾರು ಯಾಕೆ ಹೋಗ್ತಾರೆ?" ಎಂದು ಕೇಳಿದರು. ನಗು ತಡೆಯಲಾಗದೆ ನಾನು ನೆಲದ ಮೇಲೆ ಕೂತೆ. ಆದರೆ ನಗುವ ನಡುವೆಯೇ ಒಂದು ವಿಷಯ ಗಮನಕ್ಕೆ ಬಂತು: ಅಷ್ಟು ಹೊತ್ತು ನಾನು ಒಮ್ಮೆಯೂ ಗೋಡೆಯ ಕಡೆ ತಿರುಗಿರಲಿಲ್ಲ. ಅವರ ಮುಖ ನೋಡಿಕೊಂಡೇ ಪಾಠ ಮಾಡಿದ್ದೆ.

ಪಾಠದ ಗಟ್ಟಿ ಭಾಗ ಒಂದು ಉಳಿದಿತ್ತು. ಬಾಣದ ಜೋರು ಎಷ್ಟು ಎಂದು ಕಂಡುಹಿಡಿಯಬೇಕಾದರೆ ಡಬ್ಬಿ ಶೀಟನ್ನು ಸೀಳಿಕೊಂಡು ನಿಲ್ಲಬೇಕು, ಅರ್ಧ ಈಚೆ, ಅರ್ಧ ಆಚೆ. ಆಚೆ ಎಂದರೆ ನಮ್ಮಲ್ಲಿ ಗೋಡೆ. "ಉಳಿದರ್ಧ ಡಬ್ಬಿ ಗೋಡೆಯ ಒಳಗೆ ಉಂಟು ಅಂತ ತಿಳ್ಕೊಳ್ಳಿ," ಎಂದು ಹೇಳಿ ಮುಂದೆ ಓಡಿದೆ. ಯಾರೂ ಏನೂ ಕೇಳಲಿಲ್ಲ. ಗಂಡ ಚಪ್ಪಾಳೆಯನ್ನೂ ತಟ್ಟಿದರು.

ಶುಕ್ರವಾರ ಬೆಳಿಗ್ಗೆ ಬೆಡ್‌ಶೀಟು, ಡಬ್ಬಿ, ಅಕ್ಕನ ಜರಡಿ, ಉಮ್ಮನ ಒಂದು ಸ್ಟೀಲಿನ ಬೋಗುಣಿ, ಎಲ್ಲ ಅಂಗಡಿಯ ದೊಡ್ಡ ಚೀಲಕ್ಕೆ ತುಂಬಿ ಬಿ.ಸಿ.ರೋಡಿನಿಂದ ಮೂಡುಬಿದಿರೆ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಚೀಲ ನೋಡಿ, "ಯಾರದ್ದು ಮದುವೆ?" ಎಂದು ಕೇಳಿದರು. "ನನ್ನದೇ," ಎನ್ನಬೇಕು ಎನಿಸಿತು. ಅಷ್ಟೇ ಪುಕಪುಕ ಇತ್ತು ಎದೆಯಲ್ಲಿ.

ಕಾಲೇಜಿನ ತರಗತಿಯಲ್ಲಿ ತುಂಬ ಮಕ್ಕಳು. ಹಿಂದಿನ ಬೆಂಚಿನಲ್ಲಿ ಪ್ರಾಂಶುಪಾಲರು, ಪಕ್ಕದಲ್ಲಿ ತಲೆ ಪೂರ್ತಿ ಬೆಳ್ಳಗಾದ ಹಿರಿಯ ಉಪನ್ಯಾಸಕರು, ಅವರ ಮುಖದಲ್ಲಿ ಆಗಲೇ ಸಣ್ಣ ಅಪನಂಬಿಕೆ. ನಾನು ಶೀಟಿನ ಮಡಿಕೆ ಹಿಡಿದು ಒಮ್ಮೆ ಕೊಡವಿದೆ. ಪಳಗಿದ ಕೈ. ಎಲೆಕೋಸಿನ ಹೂಗಳು ನೇರ ಮಕ್ಕಳ ಕಡೆಗೆ ಬಿಚ್ಚಿಕೊಂಡವು, ಮುಂದಿನ ಸಾಲಿನ ಹುಡುಗಿಯರು "ಆಹಾ!" ಎಂದರು. ಮಕ್ಕಳ ಮುಖದಿಂದ ಕಣ್ಣು ತೆಗೆಯದೆಯೇ ಬೋರ್ಡಿನ ಮೇಲ್ಗಡೆ ಕ್ಲಿಪ್ಪು ಹಾಕಿ ನೇತುಹಾಕಿದೆ. ಮುಖ ಮಕ್ಕಳಿಗೆ, ಬೆನ್ನು ಬೋರ್ಡಿಗೆ.

ಜರಡಿ ಚೆನ್ನಾಗಿ ಹೋಯಿತು. ಕಡ್ಡಿ ಚುಚ್ಚಿದ್ದಕ್ಕೆ ನಮ್ಮ ಮನೆಯಲ್ಲಾದ ಗಲಾಟೆಯನ್ನೂ ಹೇಳಿದೆ. ಮಕ್ಕಳು ನಕ್ಕರು, ಆದರೆ ಕೋನವನ್ನು ಕಡ್ಡಿಯಿಂದ ಅಳೆಯಬೇಕು ಎಂಬುದನ್ನು ಅವರು ಸಾಯುವವರೆಗೂ ಮರೆಯಲಿಕ್ಕಿಲ್ಲ. ಕಡ್ಡಿ ಬಾಣದಿಂದ ಅರವತ್ತು ಡಿಗ್ರಿ ವಾಲಿದರೆ ಫ್ಲಕ್ಸ್ ಅರ್ಧಕ್ಕೆ ಇಳಿಯುತ್ತದೆ ಎಂದು ನಾನು ಕೇಳುವ ಮೊದಲೇ ಯಾರೋ ಕೂಗಿದರು. ದೂರದ ಡಬ್ಬಿಗೆ ಸೊನ್ನೆ ಎಂಬುದೂ ಸುಲಭದಲ್ಲಿ ಆಯಿತು. ಆಮೇಲೆ ನಾನು ಧೈರ್ಯವಾಗಿ, ಹಾಳೆಯ ಎರಡೂ ಕಡೆ ಅರ್ಧರ್ಧ ಫ್ಲಕ್ಸ್ ಹೋಗುತ್ತದೆ, ಆದ್ದರಿಂದ ಜೋರು ಸಿಗ್ಮಾ ಬೈ ಎರಡು ಎಪ್ಸಿಲಾನ್ ಎಂದೆ. ಸಿಗ್ಮಾ ಎಂದರೆ ಹಾಳೆಯ ಒಂದು ಚದರ ಮೀಟರಿನಲ್ಲಿ ಇರುವ ಚಾರ್ಜು, ಎಪ್ಸಿಲಾನ್ ಒಂದು ಸ್ಥಿರ ಸಂಖ್ಯೆ.

ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಹುಡುಗಿ ಎದ್ದು ನಿಂತಳು. "ಮೇಡಂ, ಅರ್ಧ ನಮ್ಮ ಕಡೆ ಬರ್ತದೆ, ಸರಿ. ಉಳಿದ ಅರ್ಧ ಎಲ್ಲಿಗೆ ಹೋಗುದು? ಅಲ್ಲಿ ಬೋರ್ಡು ಉಂಟಲ್ಲ."

"ಬೋರ್ಡಿನ ಒಳಗೆ ಅಂತ..." ಎಂದು ಶುರು ಮಾಡಿ ನಿಂತೆ. ನಮ್ಮ ಮನೆಯಲ್ಲಿ ನಡೆದದ್ದು ಇಲ್ಲಿ ನಡೆಯುವುದಿಲ್ಲ. ಅವಳು ಕೇಳಿದ್ದು ನ್ಯಾಯವೇ. ನಾನು ಹಾಳೆಗೆ ಎರಡು ಕಡೆ ಎಂದು ಬಾಯಲ್ಲಿ ಹೇಳುತ್ತ, ಕೈಯಲ್ಲಿ ಅಂಗಡಿಯ ಕೌಂಟರಿನಲ್ಲಿ ತೋರಿಸುವ ಹಾಗೆ ಒಂದೇ ಕಡೆ ತೋರಿಸುತ್ತಿದ್ದೆ. ಎಂ.ಎಸ್ಸಿ. ಓದಿದವಳು ಹೇಳುತ್ತಿದ್ದದ್ದು ಒಂದು, ಬಟ್ಟೆ ಅಂಗಡಿಯ ಸೊಸೆ ಮಾಡುತ್ತಿದ್ದದ್ದು ಇನ್ನೊಂದು. ಹಿರಿಯ ಉಪನ್ಯಾಸಕರು ಪ್ರಾಂಶುಪಾಲರ ಕಡೆ ಓರೆಗಣ್ಣಿನಿಂದ ನೋಡಿದ್ದು ಕಂಡಿತು. ಹೋಯಿತು, ಇದೂ ಹೋಯಿತು ಎಂದುಕೊಂಡೆ. ಬೆಳ್ತಂಗಡಿಯ ಬಸ್ಸಿನ ಕಿಟಕಿ ಕಣ್ಣಮುಂದೆ ಬಂತು.

ಆಗ ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಗೊತ್ತಿಲ್ಲ. ಆ ಸಿಟ್ಟಿನಲ್ಲೇ ಕ್ಲಿಪ್ಪು ಕಿತ್ತೆ. "ನೀನು ಬಾ, ನಿನ್ನ ಪಕ್ಕದವಳೂ ಬಾ," ಎಂದು ಇಬ್ಬರನ್ನು ಕರೆದು, ಶೀಟಿನ ಎರಡು ತುದಿ ಅವರ ಕೈಗೆ ಕೊಟ್ಟು, ಬೆಂಚುಗಳ ನಡುವಿನ ದಾರಿಯಲ್ಲಿ ಎತ್ತಿ ಹಿಡಿಯಲು ಹೇಳಿದೆ. ತರಗತಿ ಎರಡಾಯಿತು. ಅರ್ಧ ಮಕ್ಕಳಿಗೆ ಹೂವು, ಅರ್ಧ ಮಕ್ಕಳಿಗೆ ಬೆನ್ನು. ಪ್ರಾಂಶುಪಾಲರು ಬೆನ್ನಿನ ಕಡೆಗೆ ಬಿದ್ದರು.

ಬೆನ್ನಿನ ಕಡೆಯ ಮಕ್ಕಳಿಂದ ಮೊದಲು ಕಿಸಕ್ಕೆಂಬ ಒಂದು ಶಬ್ದ ಬಂತು, ಆಮೇಲೆ ದೊಡ್ಡ ನಗು. ನಾನು ಹೋಗಿ ನೋಡಿದೆ. ನೀಲಿ ಬಣ್ಣ ಮಾಸಿದ ಆ ಬೆನ್ನಿನ ಮೇಲೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ದಪ್ಪ ಕಪ್ಪು ಮಾರ್ಕರಿನಲ್ಲಿ ನನ್ನ ಗಂಡನ ಅಕ್ಷರ: ಡ್ಯಾಮೇಜ್. ವಾಪಸ್. ಕೆಳಗೆ ನೇಯ್ಗೆ ತಪ್ಪಿದ ಜಾಗಕ್ಕೆ ಒಂದು ದೊಡ್ಡ ಸುತ್ತು. ಮಂಗಳೂರಿನ ಹೋಲ್‌ಸೇಲ್‌ನವರಿಗೆ ಹಿಂದಿರುಗಿಸುವ ಕಟ್ಟಿನಿಂದ ಎತ್ತಿದ್ದು! ಹೊಸ ಶೀಟನ್ನು ಫಿಸಿಕ್ಸಿಗೆ ಹಾಳು ಮಾಡುವುದು ಯಾಕೆ ಎಂದು ಉಳಿಸಿದ್ದಾರೆ ಮಹಾರಾಯರು. ಇಷ್ಟು ದಿನ ತಾವೇ ಕಟ್ಟಿ, ತಾವೇ ಬಿಚ್ಚಿ, ತಾವೇ ಮಡಚಿಟ್ಟದ್ದು ಸುಮ್ಮನೆ ಅಲ್ಲ.

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೆ ಅಷ್ಟು ಮಕ್ಕಳೂ ನನ್ನ ಮುಖವನ್ನೇ ನೋಡುತ್ತಿದ್ದರು, ಒಬ್ಬರೂ ಕಿಟಕಿಯ ಹೊರಗೆ ನೋಡುತ್ತಿರಲಿಲ್ಲ. ಇನ್ನು ಮುಚ್ಚಿಡುವುದಕ್ಕೆ ಉಳಿದದ್ದಾದರೂ ಏನು?

"ನಮ್ಮದು ಬಟ್ಟೆ ಅಂಗಡಿ," ಎಂದೆ. "ಇದು ವಾಪಸ್ ಹೋಗುವ ಮಾಲು, ನನ್ನ ಯಜಮಾನರು ನನಗೆ ಹೇಳದೆ ಕಟ್ಟಿಕೊಟ್ಟದ್ದು. ನಮ್ಮಲ್ಲಿ ಬಟ್ಟೆಯ ಬೆನ್ನು ಯಾರಿಗೂ ತೋರಿಸುದಿಲ್ಲ. ಆದ್ರೆ ಚಾರ್ಜಿಗೆ ಮುಖವೂ ಇಲ್ಲ, ಬೆನ್ನೂ ಇಲ್ಲ. ಹೂವಿನ ಕಡೆಯವರಿಗೆ ಎಷ್ಟು ಬಾಣವೋ, ಡ್ಯಾಮೇಜ್ ಕಡೆಯವರಿಗೂ ಅಷ್ಟೇ. ಬೇಕಾದ್ರೆ ಲೆಕ್ಕ ಹಾಕುವ."

ಸೀರೆಯ ಡಬ್ಬಿಯ ಮುಚ್ಚಳ ತೆಗೆದೆ. ಡಬ್ಬಿಯನ್ನು ಹೂವಿನ ಕಡೆಯಿಂದ ಶೀಟಿಗೆ ಒತ್ತಿ ಹಿಡಿಯಲು ಒಬ್ಬಳಿಗೆ ಹೇಳಿದೆ, ಮುಚ್ಚಳವನ್ನು ಅದೇ ನೇರಕ್ಕೆ ಬೆನ್ನಿನ ಕಡೆಯಿಂದ ಒತ್ತಲು ಇನ್ನೊಬ್ಬನಿಗೆ. ಈಗ ಎರಡೂ ಸೇರಿ ಒಂದೇ ಮುಚ್ಚಿದ ಡಬ್ಬಿ, ನಡುವೆ ಶೀಟಿನ ಒಂದು ತುಂಡು ಸಿಕ್ಕಿಬಿದ್ದಿದೆ. ಒಳಗಿರುವ ಚಾರ್ಜು ಆ ತುಂಡಿನದು ಮಾತ್ರ: ಸಿಗ್ಮಾವನ್ನು ಅದರ ವಿಸ್ತಾರದಿಂದ ಗುಣಿಸಿದಷ್ಟು. ಗಾಸ್ ನಿಯಮದ ಪ್ರಕಾರ ಹೊರಬರುವ ಒಟ್ಟು ಫ್ಲಕ್ಸ್ ಅದನ್ನು ಎಪ್ಸಿಲಾನ್‌ನಿಂದ ಭಾಗಿಸಿದಷ್ಟು. ಪಕ್ಕದ ಗೋಡೆಗಳ ಮೂಲಕ ಏನೂ ಹೋಗುವುದಿಲ್ಲ, ಬಾಣಗಳು ಅವುಗಳ ಪಕ್ಕದಲ್ಲೇ ಸರಿಯುತ್ತವೆ. ಹೋಗುವ ದಾರಿ ಎರಡೇ, ಡಬ್ಬಿಯ ತಳ ಮತ್ತು ಮುಚ್ಚಳದ ತಳ. ಇಬ್ಬರಿಗೂ ಸಮ ಪಾಲು. "ಆದ್ದರಿಂದ?" ಎಂದೆ. "ಸಿಗ್ಮಾ ಬೈ ಎರಡು ಎಪ್ಸಿಲಾನ್!" ಎಂದು ಎರಡೂ ಕಡೆಯಿಂದ ಕೂಗು ಬಂತು. ಡ್ಯಾಮೇಜ್ ಕಡೆಯವರದ್ದೇ ಸ್ವಲ್ಪ ಜೋರು.

ಕಿಟಕಿಯ ಹುಡುಗಿ ಶೀಟಿನ ತುದಿ ಹಿಡಿದುಕೊಂಡೇ, "ಈಗ ಸರಿಯಾಯ್ತು ಮೇಡಂ," ಎಂದಳು. ನನ್ನನ್ನು ಪಾಸು ಮಾಡಿದವಳ ಹಾಗೆ.

ಹಿರಿಯ ಉಪನ್ಯಾಸಕರು ಸುಮ್ಮನೆ ಬಿಡುವವರಲ್ಲ. ನನ್ನ ಚೀಲದಿಂದ ಇಣುಕುತ್ತಿದ್ದ ಬೋಗುಣಿಯನ್ನು ತೋರಿಸಿ, "ಅದನ್ನು ಅರ್ಧ ಗೋಳ ಅಂತ ಇಟ್ಟುಕೊಳ್ಳುವ. ಬಾಯಿ ಶೀಟಿನ ಕಡೆ. ಅದರ ಬಾಗಿದ ಮೈಯ ಮೂಲಕ ಫ್ಲಕ್ಸ್ ಎಷ್ಟು? ಇಂಟಿಗ್ರೇಶನ್ ಮಾಡಿ ತೋರಿಸ್ತೀರಾ?" ಎಂದರು. ಇದನ್ನು ಕೇಳಲಿ ಎಂದೇ ನಾನು ಅದನ್ನು ತಂದದ್ದು. ಬಾಯಿಯಿಂದ ಒಳಗೆ ಹೋದ ಬಾಣಕ್ಕೆ ಬಾಗಿದ ಮೈಯಿಂದ ಹೊರಬರುವುದಲ್ಲದೆ ಬೇರೆ ಗತಿ ಇಲ್ಲ. ಒಳಗೆ ಚಾರ್ಜು ಇಲ್ಲ. ಹಾಗಾಗಿ ಬಾಯಿಯ ವೃತ್ತದ ವಿಸ್ತಾರ ಸಾಕು, ಪೈ ಆರ್ ವರ್ಗವನ್ನು ಬಾಣದ ಜೋರಿನಿಂದ ಗುಣಿಸಿದರೆ ಆಯಿತು. "ಇಂಟಿಗ್ರೇಶನ್ನಿಗೆ ಈ ಬೋಗುಣಿ ಕೊಡ್ಲಿಕ್ಕಿಲ್ಲ ಸರ್, ಅತ್ತೆಯದ್ದು," ಎಂದೆ. ಅವರ ಮೀಸೆ ಸ್ವಲ್ಪ ಅಲ್ಲಾಡಿತು. ಅದನ್ನು ನಗು ಎಂದು ಲೆಕ್ಕ ಹಾಕಿಕೊಂಡೆ.

ಆಫೀಸಿನಲ್ಲಿ ಪ್ರಾಂಶುಪಾಲರು ನನ್ನ ಅರ್ಜಿಯನ್ನು ತಿರುವಿದರು. ಆ ಪ್ರಶ್ನೆ ಬಂದೇ ಬರುತ್ತದೆ ಎಂದು ಗೊತ್ತಿತ್ತು, ಬಂತು. "ಎಂ.ಎಸ್ಸಿ. ಆದಮೇಲೆ ಇಷ್ಟು ವರ್ಷ?"

"ಬಟ್ಟೆ ಮಾರಿದೆ ಸರ್. ಮಗಳನ್ನು ಬೆಳೆಸಿದೆ," ಎಂದೆ. "ಏನೂ ಬೇಡ ಅಂತ ಬಂದವರನ್ನೂ ಕೂರಿಸಿ ಮಾತಾಡಿಸ್ಲಿಕ್ಕೆ ಬರ್ತದೆ ನನಗೆ. ಫಿಸಿಕ್ಸ್ ಬೇಡ ಅಂತ ಕೂತ ಮಕ್ಕಳೂ ಹಾಗೇ ಅಲ್ವಾ?"

ಅವರು ಅರ್ಜಿ ಮುಚ್ಚಿಟ್ಟರು. ಹಿರಿಯ ಉಪನ್ಯಾಸಕರ ಮುಖ ನೋಡಿದರು. ಆ ಬೆಳ್ಳಗಿನ ತಲೆ ಒಮ್ಮೆ ಕೆಳಗೆ ಮೇಲೆ ಆಯಿತು. "ಸೋಮವಾರದಿಂದ ಬರ್ಲಿಕ್ಕೆ ಆಗ್ತದಾ ಮೇಡಂ?" ಎಂದರು ಪ್ರಾಂಶುಪಾಲರು. ಹೂಂ ಎಂದು ತಲೆ ಅಲ್ಲಾಡಿಸಿ ಚೀಲ ಎತ್ತಿಕೊಂಡು ಹೊರಬಂದೆ.

ಬಸ್ ನಿಲ್ದಾಣದ ಗಲಾಟೆಯಲ್ಲಿ ನಿಂತು ಗಂಡನಿಗೆ ಫೋನ್ ಮಾಡಿದೆ. ಮೊದಲು ಬೈದೇ ಶುರು ಮಾಡಿದ್ದು. "ವಾಪಸ್ ಮಾಲು ಕಟ್ಟಿಕೊಟ್ಟದ್ದಾ ನನಗೆ?"

"ಅಯ್ಯೋ! ತಿರುಗಿಸಿದ್ಯಾ ಅದನ್ನು?"

"ತಿರುಗಿಸಿದೆ. ಕೆಲಸ ಸಿಕ್ಕಿತು. ಸೋಮವಾರದಿಂದ."

ಈಗ ಏನೋ ಒಂದು ತಮಾಷೆ ಬರುತ್ತದೆ ಎಂದು ನಾನೂ ಉತ್ತರ ಸಿದ್ಧ ಮಾಡಿಕೊಂಡು ಕಾದೆ. ಬರಲಿಲ್ಲ.

"ಒಳ್ಳೆದಾಯ್ತು," ಎಂದರು ಕೊನೆಗೆ. ತುಂಬ ಮೆಲ್ಲಗೆ, ಅಂಗಡಿಯಲ್ಲಿ ಯಾರಿಗೂ ಕೇಳಬಾರದು ಎನ್ನುವ ಹಾಗೆ. "ತುಂಬ ಒಳ್ಳೆದಾಯ್ತು. ನಾನು ಉಮ್ಮನಿಗೆ ಈಗಲೇ ಹೇಳ್ತೇನೆ." ಆದರೆ ಫೋನ್ ಇಡಲಿಲ್ಲ. "ಕೇಳು, ಸೋಮವಾರದ ಒಳಗೆ ನನಗೆ ಸ್ವಲ್ಪ ಕಲಿಸಿಕೊಡ್ತೀಯಾ?"

"ಎಂತದು?"

"ಈ ಹೆಂಗಸರ ಹತ್ರ ಹೇಗೆ ಮಾತಾಡುದು ಅಂತ. ಬೆಳಿಗ್ಗೆಯಿಂದ ಎಷ್ಟೋ ಮಂದಿ ಬಂದ್ರು. ನೀನು ಇಲ್ವಾ ಅಂತ ಕೇಳಿದ್ರು, ಹಾಗೇ ಹೋದ್ರು. ಪೀಸು ಬಿಚ್ಚಿ ತೋರಿಸ್ತೇನೆ, ಆಮೇಲೆ ಎಂತ ಹೇಳ್ಬೇಕು ಅಂತ ನನಗೆ ಗೊತ್ತಾಗುದಿಲ್ಲ."

ನಾನು ಹೋದರೆ ಅಂಗಡಿಯ ಗತಿ ಹೀಗೆ ಎಂಬುದು ಅವರಿಗೆ ಇವತ್ತು ಗೊತ್ತಾದ ವಿಷಯ ಅಲ್ಲ. ಪ್ರತಿ ಸಂಜೆ ಮೊಳೆಗೆ ಶೀಟು ಕಟ್ಟುವಾಗಲೂ, ಮುಂದೆ ಕೂತು ಕಣ್ಣು ಪಿಳಿಪಿಳಿ ಬಿಟ್ಟು ಕೇಳುವಾಗಲೂ, ಚಪ್ಪಾಳೆ ತಟ್ಟುವಾಗಲೂ ಗೊತ್ತಿತ್ತು. ಒಂದು ಮಾತು ಆಡಿರಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡೆ. ನಮ್ಮ ಕಡೆಗೆ ಹೋಗುವ ಬಂಟ್ವಾಳದ ಬಸ್ಸು ಹೊರಡುತ್ತಿತ್ತು, ಕಂಡಕ್ಟರ್ ಕೂಗುತ್ತಿದ್ದ, ನಾನು ಹತ್ತಲಿಲ್ಲ.

"ಇವತ್ತು ಸಂಜೆಯೇ ಶುರು ಮಾಡುವ," ಎಂದೆ.